ಕಳೆದುಹೋದರೆ ಗಡಿಯಾರದ ಕೆಳಗೆ

ಕಳೆದ ತಿಂಗಳು ಮಗಳು ಸನಾ ಜೊತೆ ಬರ್ವಿನ್‌ಗೆ ಹೋಗಿದ್ದೆ. ಶಿಕಾಗೋ ಪಕ್ಕದ ಆ ಊರಿನಲ್ಲಿ ಒಂದು ಕಾಲಕ್ಕೆ ಚೆಕ್ ಜನರೇ ತುಂಬಿದ್ದರು. ಈಗ ಅವರ ಬೇಕರಿಗಳು ಒಂದೋ ಎರಡೋ ಉಳಿದಿವೆ. ಪಾರ್ಕಿಂಗ್ ಸಿಗಲಿಲ್ಲವೆಂದು ಸನಾ ಕಾರಿನಲ್ಲೇ ಕೂತಳು. ನಾನು ಬೇಕರಿಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆನಷ್ಟೆ, ಗಸಗಸೆ, ಬೆಣ್ಣೆ, ಬಿಸಿ ಹಾಲಿನ ವಾಸನೆ ಮುಖಕ್ಕೆ ಬಂತು. ತುಮಕೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಗಸಗಸೆ ಎಂದರೆ ಪಾಯಸ ನೆನಪಾಗಬೇಕು. ನನಗೆ ನೆನಪಾದದ್ದು ಪ್ರಾಗ್. ನನ್ನ ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿ ನನ್ನ ಗಂಡ ರಿಯಾಜ್ ಅವರ ಮೊಣಕೈಯನ್ನು ಹುಡುಕಿತು. ಅವರು ತೀರಿಕೊಂಡು ವರ್ಷಗಳೇ ಆಗಿವೆ. ಕೈಗೆ ಇದು ಇನ್ನೂ ತಿಳಿದಿಲ್ಲ.

ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ನಾವಾಗ ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದೆವು. ರಿಯಾಜ್ ಚಿತ್ರದುರ್ಗದವರು, ಒಂದು ಕಾರ್ಖಾನೆಯ ಅಳತೆ ವಿಭಾಗದಲ್ಲಿ ಕೆಲಸ. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ ಕಟ್ಟುವುದು. ಸರಿಯೋ ತಪ್ಪೋ ಇನ್ನೂ ತೀರ್ಮಾನವಾಗದ ಭಾಗಗಳಿಗೆ ಹಳದಿ ಚೀಟಿ ಕಟ್ಟಿ ಪಕ್ಕಕ್ಕಿಡುತ್ತಿದ್ದರು. ಆ ಚೀಟಿಗಳು ಅವರ ಜೇಬಿನಲ್ಲಿ, ಕಾರಿನಲ್ಲಿ, ವಾಷಿಂಗ್ ಮಷೀನಿನಲ್ಲಿ ಎಲ್ಲೆಂದರಲ್ಲಿ ಸಿಗುತ್ತಿದ್ದವು. ಮನೆಯಲ್ಲೂ ಅದೇ ಅಳತೆಯ ಬುದ್ಧಿ. ನಾನು ತಟ್ಟಿದ ರೊಟ್ಟಿ ದುಂಡಗಿಲ್ಲವೆಂದು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುವ ಮನುಷ್ಯನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವಳು ನಾನು. ಮನೆಮಾತು ಉರ್ದುವಾದರೂ ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಸನಾಗೆ ತಿಳಿಯಬಾರದ ಮಾತೆಲ್ಲ ನಮ್ಮ ನಡುವೆ ಕನ್ನಡದಲ್ಲೇ ನಡೆಯುತ್ತಿತ್ತು. ಜಗಳವಂತೂ ಅಪ್ಪಟ ಕನ್ನಡ. ಕೇಳಿ ಕೇಳಿ ಅವಳಿಗೂ ಅರ್ಧಕ್ಕರ್ಧ ಅರ್ಥವಾಗುತ್ತಿತ್ತು, ಆದರೆ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಆ ದಿನಗಳಲ್ಲಿ ನಮ್ಮ ಸುತ್ತಿನ ಏಳೆಂಟು ಕನ್ನಡ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಯುರೋಪಿನ ಒಂದು ಊರು ನೋಡಿ ಬಂದರೆ ಒಂದು ಫೈಲು ಬರೆಯಬೇಕು. ಯಾವ ದಿನ ಯಾವ ಜಾಗ, ಯಾವ ನಂಬರಿನ ಟ್ರಾಮು, ಎಲ್ಲಿ ಶೌಚಾಲಯ ಚೆನ್ನಾಗಿದೆ, ಯಾವ ಹೋಟೆಲಿನವರು ರೈಸ್ ಕುಕ್ಕರ್ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ಎಲ್ಲ ಅದರಲ್ಲಿರಬೇಕು. ಮುಂದೆ ಹೋಗುವವರು ಆ ಫೈಲನ್ನು ಹಿಡಿದುಕೊಂಡೇ ಹೋಗುವುದು, ಬಂದ ಮೇಲೆ ಅಂಚಿನಲ್ಲಿ ತಮ್ಮದನ್ನೂ ಸೇರಿಸುವುದು. ಲಂಡನ್ ಫೈಲಿನಲ್ಲಿ "ಇಲ್ಲಿಯ ತರಕಾರಿ ಸೂಪಿಗೂ ಕೋಳಿ ನೀರು ಹಾಕುತ್ತಾರೆ, ಹುಷಾರ್" ಎಂದು ಒಬ್ಬರು ಬರೆದಿದ್ದರೆ, ಕೆಳಗೆ ನಾನು "ಹಲಾಲ್ ಅಂಗಡಿ ಎರಡು ಸ್ಟಾಪ್ ಮುಂದೆ" ಎಂದು ಬರೆದಿದ್ದೆ. ಫೈಲುಗಳನ್ನೆಲ್ಲ ಕಾಯುತ್ತಿದ್ದವರು ನೇಪರ್‌ವಿಲ್‌ನ ವಿಜಯಕ್ಕ. ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು, ನನಗೆ ಅಕ್ಕನ ಹಾಗೇ ಇದ್ದವರು. ಲಂಡನ್, ಪ್ಯಾರಿಸ್, ರೋಮ್ ಫೈಲುಗಳಿದ್ದವು. ಪ್ರಾಗ್ ಫೈಲು ಇರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ರಿಯಾಜ್ ಇದ್ದಕ್ಕಿದ್ದಂತೆ ಪ್ರಾಗ್ ನೋಡಬೇಕು ಎಂದರು. ಅವರ ವಿಭಾಗದಲ್ಲಿ ಯೋಸೆಫ್ ಎಂಬ ಚೆಕ್ ಮುದುಕನಿದ್ದ. ಪ್ರತಿ ಶುಕ್ರವಾರ ಬರ್ವಿನ್‌ನಿಂದ ಗಸಗಸೆ ತುಂಬಿದ ಬನ್ನು ತಂದು ಇವರಿಗೊಂದು ಕೊಡುತ್ತಿದ್ದ, ಜೊತೆಗೆ ತನ್ನ ಊರಿನ ಸೇತುವೆ, ಕೋಟೆ, ಗಡಿಯಾರಗಳ ಕಥೆ ಹೇಳುತ್ತಿದ್ದ. ಹದಿನೈದು ವರ್ಷದಿಂದ ಕೇಳಿದ ಕಥೆಗೆ ಈಗೇಕೆ ಅವಸರ? ಟಿವಿಯಲ್ಲಿ ಯುದ್ಧ ನಡೆಯುತ್ತಿತ್ತು. ನಮ್ಮಂಥ ಹೆಸರಿನವರು ವಿಮಾನ ನಿಲ್ದಾಣದ ಕಡೆ ತಲೆಹಾಕಿ ಮಲಗಲೂ ಹೆದರುತ್ತಿದ್ದ ಕಾಲ ಅದು.

"ಮುಂದಿನ್ ವರ್ಷ ಹೋಗೋಣ ರೀ. ಎಲ್ಲಾ ಸ್ವಲ್ಪ ತಣ್ಣಗಾಗ್ಲಿ," ಎಂದೆ.

"ಇಲ್ಲ ಶಮಾ. ಈ ವರ್ಷಾನೇ."

"ಊರೇನು ಎದ್ದು ಓಡೋಗತ್ತಾ?"

"ಊರು ಎಲ್ಲೂ ಹೋಗಲ್ಲ," ಎಂದು ಹೇಳಿ ನೆಲಮಾಳಿಗೆಗೆ ಇಳಿದುಹೋದರು. ಹಟಮಾರಿ ಎಂದು ಬೈದುಕೊಂಡೆ. ಪ್ರಾಗ್ ಫೈಲಿನ ಮೊದಲ ಪುಟ ತನ್ನ ಅಕ್ಷರದಲ್ಲಿರಬೇಕೆಂಬ ಆಸೆ ಎಂದುಕೊಂಡೆ. ಬೇರೆ ಏನೂ ಹೊಳೆಯಲಿಲ್ಲ.

ಜೂನ್‌ನಲ್ಲಿ ಸ್ಕೂಲು ಮುಗಿದ ವಾರವೇ ಹೊರಟೆವು. ಶಿಕಾಗೋದಲ್ಲಿ ಇವರೊಬ್ಬರನ್ನೇ ಪಕ್ಕಕ್ಕೆ ಕರೆದು ಶೂ, ಬೆಲ್ಟು, ಗಸಗಸೆ ಬನ್ನಿನ ಡಬ್ಬಿ ಎಲ್ಲ ಬಿಚ್ಚಿಸಿದರು. ಎರಡು ವರ್ಷದಿಂದ ಇದು ನಮಗೆ ಅಭ್ಯಾಸವಾಗಿತ್ತು. "ಹೆಸರಿನ್ ಮಹಿಮೆ," ಎನ್ನುತ್ತ ರಿಯಾಜ್ ಬೆಲ್ಟು ಹಾಕಿಕೊಳ್ಳುತ್ತಿದ್ದರು. ಏನೇ ಅಡಚಣೆಯಾದರೂ ಕಾರಣ ಕೈಯಳತೆಯಲ್ಲೇ ಸಿಗುತ್ತಿತ್ತು.

ಪ್ರಾಗ್‌ನಲ್ಲಿ ಆ ವರ್ಷ ವಿಪರೀತ ಸೆಕೆ, ನಮ್ಮ ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತ್ತು. ಹಿಂದಿನ ಆಗಸ್ಟಿನಲ್ಲಿ ನದಿ ಉಕ್ಕಿ ಊರಿನೊಳಗೆ ನುಗ್ಗಿತ್ತಂತೆ. ನದಿ ದಂಡೆಯ ಮನೆಗಳ ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ ಇನ್ನೂ ಇತ್ತು. ಆ ಗೆರೆಯ ಕೆಳಗೆ ಕುರ್ಚಿ ಹಾಕಿಕೊಂಡು ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು. ರಿಯಾಜ್ ಗೋಡೆಯ ಹತ್ತಿರ ಹೋಗಿ ಗೆರೆಗೆ ಬೆರಳಿಟ್ಟು ಬಹಳ ಹೊತ್ತು ನಿಂತರು. "ಮೊದ್ಲು ನೆಲಮಾಳಿಗೆಗೆ ಬಂದಿರತ್ತೆ," ಎಂದರು. "ಮೇಲಿರೋರಿಗೆ ಗೊತ್ತೇ ಆಗಿರಲ್ಲ." ನನಗೆ ಬಾಯಾರಿತ್ತು. ನಡೀರಿ ಸಾಕು ಎಂದು ಕೈ ಹಿಡಿದು ಎಳೆದೆ.

ಮೊದಲ ದಿನವೇ ಹಳೇ ಚೌಕದ ಗಡಿಯಾರ ನೋಡಿದೆವು. ಆರುನೂರು ವರ್ಷದಷ್ಟು ಹಳೆಯದು. ಸೂರ್ಯ, ಚಂದ್ರ, ರಾಶಿಗಳನ್ನೆಲ್ಲ ತೋರಿಸುತ್ತದೆ. ಗಂಟೆಗೊಮ್ಮೆ ಮೇಲಿನ ಕಿಟಕಿ ತೆರೆದು ಸಂತರ ಗೊಂಬೆಗಳು ಸಾಲಾಗಿ ಹೋಗುತ್ತವೆ. ಆದರೆ ಜನ ಕಾಯುವುದು ಪಕ್ಕದ ಅಸ್ಥಿಪಂಜರಕ್ಕೆ. ಅದು ಹಗ್ಗ ಎಳೆದು ಗಂಟೆ ಬಾರಿಸಿ, ಬಾ ಎಂದು ತಲೆಯಾಡಿಸುತ್ತದೆ. ಅದರ ಪಕ್ಕದಲ್ಲೇ ಮುಂಡಾಸು ಸುತ್ತಿದ ತುರ್ಕಿಯವನೊಬ್ಬ ನಿಂತಿದ್ದಾನೆ. ಅವನು ಅಡ್ಡಡ್ಡ ತಲೆಯಾಡಿಸುತ್ತಾನೆ.

"ನೋಡೇ, ನಮ್ಮೋನೂ ಒಬ್ಬ ಇದಾನೆ," ಎಂದು ರಿಯಾಜ್ ನಕ್ಕರು. "ಬರಲ್ಲ ಹೋಗಯ್ಯ ಅಂತಿದಾನೆ."

ನಾನೂ ಸನಾಳೂ ಹೊಟ್ಟೆ ತುಂಬ ನಕ್ಕೆವು. ಆಮೇಲೆ ಅವರು ಗಂಭೀರವಾಗಿ ಒಂದು ನಿಯಮ ಮಾಡಿದರು. "ಯಾರಾದ್ರೂ ಕಳ್ದೋದ್ರೆ ಎಲ್ಲೆಲ್ಲೋ ಹುಡುಕೋದ್ ಬೇಡ. ಸೀದಾ ಈ ಗಡಿಯಾರದ ಕೆಳಗ್ ಬಂದ್ ನಿಂತ್ಕೋಬೇಕು. ಎಷ್ಟೊತ್ತಾದ್ರೂ." ಹದಿನಾರು ವರ್ಷದ ಸನಾ, "ಅಬ್ಬು, ಐ ಆಮ್ ನಾಟ್ ಎ ಬೇಬಿ," ಎಂದು ಮುಖ ಊದಿಸಿದಳು. ನಿಯಮ ಅವಳಿಗಾಗಿಯೇ ಎಂದು ನಾನೂ ತಿಳಿದೆ.

ಎರಡನೇ ದಿನ ಕಲ್ಲಿನ ಸೇತುವೆ. ಎರಡೂ ಬದಿಗೆ ಮೂವತ್ತು ವಿಗ್ರಹಗಳು, ಹೊಗೆ ಹಿಡಿದು ಕಪ್ಪಾದವು. ರಿಯಾಜ್ ಅವನ್ನು ಎಣಿಸುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದರು. ಆ ಕೊನೆ ಮುಟ್ಟಿ ಪುಸ್ತಕ ನೋಡಿ, ತಿರುಗಿ ಬಂದು ಮತ್ತೆ ಎಣಿಸಿದರು. ಮೂರನೇ ಸಲವೂ ಹೊರಟಾಗ ನನಗೆ ಸಿಟ್ಟು ಬಂತು. ಅವರ ಹಣೆಯಿಂದ ಬೆವರು ಹನಿಯುತ್ತಿತ್ತು. ಸೆಕೆಗೆ ಎಂದುಕೊಂಡೆ. ವಾಪಸು ಬರುವಾಗ ಗಡಿಯಾರದ ಮುಂದೆ ಹಾದೆವು. "ನೋಡೇ, ನಮ್ಮೋನೂ ಒಬ್ಬ ಇದಾನೆ," ಎಂದು ರಿಯಾಜ್ ನಕ್ಕರು. ಅದೇ ಮಾತು, ಅದೇ ನಗು, ಅದೇ ರೀತಿ ಬೆರಳು ತೋರಿಸಿದ್ದು. ಮೂರನೇ ದಿನವೂ ಹೇಳಿದಾಗ ಸನಾ ನನ್ನ ಕಿವಿಯ ಹತ್ತಿರ ಬಂದು, "ಅಮ್ಮಿ, ಹಿ ಥಿಂಕ್ಸ್ ಇಟ್ಸ್ ನ್ಯೂ," ಎಂದಳು.

"ಅಬ್ಬುಗೆ ಆ ಜೋಕ್ ಇಷ್ಟ. ನಗು," ಎಂದೆ. ಅವಳು ನಗಲಿಲ್ಲ. ನಾನು ನಕ್ಕೆ.

ನಾಲ್ಕನೇ ದಿನ ಟ್ರಾಮಿನಲ್ಲಿ ಕೋಟೆ ಗುಡ್ಡ ಹತ್ತಿದೆವು. ದೊಡ್ಡ ಇಗರ್ಜಿಯ ಒಳಗೆ ಬಣ್ಣದ ಗಾಜಿನ ಬೆಳಕು, ತಂಪು. ನೀರು ತರುತ್ತೇನೆಂದು ರಿಯಾಜ್ ಹೊರಗೆ ಹೋದರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಅಂಗಳದಲ್ಲೆಲ್ಲ ಕೂಗಿಕೊಂಡು ಸುತ್ತಿದೆವು. ಅಲ್ಲಿ ನಿಂತಿದ್ದ ಕಾವಲುಗಾರರು ಕಣ್ಣೂ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಅವರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಗಡ್ಡದ ಗಂಡಸು, ಈ ಹೆಸರು, ಕಾಣೆಯಾಗಿದ್ದಾನೆ ಎಂದರೆ ಅವರು ಯಾವ ರೀತಿ ಹುಡುಕುತ್ತಾರೋ ಎಂಬ ಭಯ. ಕೊನೆಗೆ ಸನಾಳೇ ನೆನಪಿಸಿದಳು. ಗುಡ್ಡವಿಳಿದು, ಸೇತುವೆ ದಾಟಿ, ಇಬ್ಬರೂ ಓಡುತ್ತಲೇ ಚೌಕಕ್ಕೆ ಬಂದೆವು.

ಗಡಿಯಾರದ ಕೆಳಗೆ ಜನರ ನಡುವೆ ರಿಯಾಜ್ ನಿಂತಿದ್ದರು. ಪಕ್ಕದಲ್ಲಿ ಸಂತೆಚೀಲವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ವಯಸ್ಸಾದ ಹೆಂಗಸು. ಅವಳು ಇವರ ತೋಳು ಹಿಡಿದುಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಹಳದಿ ಚೀಟಿಯೊಂದಿತ್ತು. ನಾನು "ರೀ!" ಎಂದು ಕೂಗಿದ್ದೇ ತಡ, ಅವಳು ಆ ಚೀಟಿಯನ್ನು ಮಡಚಿ ಇವರ ಅಂಗಿಯ ಜೇಬಿಗೆ ತುರುಕಿ, ಜೇಬಿನ ಮೇಲೆ ಎರಡು ಸಲ ತಟ್ಟಿ, ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದಳು. ಯಾರಿವಳು, ಇವರ ಜೇಬಿಗೆ ಕೈ ಹಾಕಲು ಇವಳಿಗೇನು ಸಲಿಗೆ ಎಂದು ನನಗೆ ಕಿರಿಕಿರಿಯಾಯಿತು. ಹಳದಿ ಚೀಟಿಯ ಬಗ್ಗೆ ಯೋಚಿಸಲೇ ಇಲ್ಲ. ಅಂಥವು ನಮ್ಮ ಮನೆ ತುಂಬ ಬಿದ್ದಿದ್ದವು.

"ಎಲ್ಲೋಗಿದ್ರಿ ನೀವಿಬ್ರೂ?" ಎಂದು ರಿಯಾಜ್ ಗದರಿದರು. "ಎಷ್ಟೊತ್ತು ಕಾಯೋದು ಮನುಷ್ಯ?" ಮೇಲೆ ಗಂಟೆ ಬಾರಿಸಿತು. ನಾವು ಮೂವರೂ ತಲೆಯೆತ್ತಲಿಲ್ಲ.

ಉಳಿದ ನಾಲ್ಕು ದಿನ ನಾನು ಅವರ ಮೊಣಕೈ ಬಿಡಲಿಲ್ಲ. ಅರಮನೆ, ಹಳೆಯ ಸ್ಮಶಾನ, ನದಿಯ ಮೇಲಿನ ದೋಣಿ ಎಲ್ಲ ನೋಡಿದೆವು. ಫೋಟೋಗಳಲ್ಲಿ ನಾವು ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತೇವೆ. ವಿಜಯಕ್ಕ ಆಮೇಲೆ ಅದಕ್ಕೆ ರೇಗಿಸಿದ್ದೂ ಉಂಟು.

ವಾಪಸು ಶಿಕಾಗೋದಲ್ಲಿ ಇಳಿದಾಗ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ರಿಯಾಜ್ "ಲಂಡನ್" ಎಂದರು. ಎಷ್ಟು ದಿನ ಎಂದ. ರಿಯಾಜ್ ನನ್ನ ಕಡೆ ನೋಡಿದರು. ಅಷ್ಟೇ, ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಎರಡೂವರೆ ಗಂಟೆ ನಾನೂ ಸನಾಳೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆವು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ತಲೆ ನರೆತ ಅಧಿಕಾರಿಯೊಬ್ಬ ಹೊರಬಂದು ನನ್ನನ್ನು ಪಕ್ಕಕ್ಕೆ ಕರೆದ. ಮೆಲ್ಲಗೆ ಮಾತಾಡಿದ. ನಿಮ್ಮ ಯಜಮಾನರು ಒಂದೇ ಪ್ರಶ್ನೆಯನ್ನು ನಮಗೆ ನಾಲ್ಕು ಸಲ ಕೇಳಿದರು, ಅವರಿಗೆ ಹುಷಾರಿಲ್ಲವೇ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದ. "ಅವರಿಗೆ ಇರುವ ಕಾಯಿಲೆ ಅವರ ಹೆಸರು ಮಾತ್ರ," ಎಂದು ನಾನು ಇಂಗ್ಲಿಷಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವನು ಪಾಸ್‌ಪೋರ್ಟ್ ಕೊಟ್ಟ. ಆ ಉತ್ತರದ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯಿತ್ತು.

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ವಿಮಾನ ನಿಲ್ದಾಣದ ಕಥೆಯನ್ನು ನಾನೇ ಬಣ್ಣ ಕಟ್ಟಿ ಹೇಳಿದೆ. ಎಲ್ಲರೂ ಸಿಟ್ಟಾದರು, ರಿಯಾಜ್ ಅವರ ಬೆನ್ನು ತಟ್ಟಿದರು, ಒಬ್ಬರ ಕಣ್ಣಲ್ಲಿ ನೀರೂ ಬಂತು. ರಿಯಾಜ್ "ಹೆಸರಿನ್ ಮಹಿಮೆ" ಎಂದು ನಗುತ್ತ ಎಲ್ಲರಿಗೂ ಬಿರಿಯಾನಿ ಬಡಿಸಿದರು. ಅಧಿಕಾರಿ ಕೊನೆಗೆ ಹೇಳಿದ ಮಾತನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಸನಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಜುಲೈ ಇಡೀ ಅವರು ನೆಲಮಾಳಿಗೆಯಲ್ಲಿ ಕೂತು ಪ್ರಾಗ್ ಫೈಲು ಬರೆದರು. ನೀಲಿ ಫೈಲು, ಪ್ಲಾಸ್ಟಿಕ್ ಹಾಳೆಗಳೊಳಗೆ ಟಿಕೆಟ್ಟು, ನಕ್ಷೆ, ಅಚ್ಚು ಹಾಕಿದಂಥ ಅಕ್ಷರ. ಆಗಸ್ಟಿನಲ್ಲಿ ವಿಜಯಕ್ಕನ ಕುಟುಂಬ ಅದನ್ನು ಹಿಡಿದು ಪ್ರಾಗ್‌ಗೆ ಹೋಗಿ ಬಂತು. ಬಂದ ಮೂರನೇ ದಿನ, ರಿಯಾಜ್ ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ, ವಿಜಯಕ್ಕ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ಟೀ ಕೊಟ್ಟರೆ ಮುಟ್ಟಲಿಲ್ಲ. ಫೈಲನ್ನು ಅಡುಗೆಮನೆ ಮೇಜಿನ ಮೇಲೆ ಬಿಚ್ಚಿಟ್ಟರು.

"ಇದನ್ನ ಓದಿದೀಯಾ ನೀನು?"

ಓದಿರಲಿಲ್ಲ. ಜೊತೆಯಲ್ಲೇ ಇದ್ದವಳು ಏಕೆ ಓದಲಿ? ಎರಡನೇ ದಿನದ ಪುಟದಲ್ಲಿ ಸೇತುವೆಯಿತ್ತು. ಮೂರನೇ ದಿನದ ಪುಟದಲ್ಲೂ ಅದೇ ಸೇತುವೆ, ಅಕ್ಷರ ಅಕ್ಷರವೂ ಅದೇ. ಎಂಟನೇ ದಿನದವರೆಗೂ ಹೀಗೇ. ಆ ಪ್ರತಿ ಪುಟದ ಕೊನೆಗೆ, "ಗಡಿಯಾರದಲ್ಲಿ ನಮ್ಮವನೂ ಒಬ್ಬನಿದ್ದಾನೆ, ಬರಲ್ಲ ಹೋಗಯ್ಯ ಅನ್ನುತ್ತಾನೆ." ಅಚ್ಚು ಹಾಕಿದಂಥ ಅಕ್ಷರದಲ್ಲಿ ಏಳು ಸಲ.

"ನಮ್ಮೆಜಮಾನ್ರು ತಮಾಷೆಗ್ ಬರ್ದಿದಾರೆ ಅಂತ ನಕ್ರು," ಎಂದರು ವಿಜಯಕ್ಕ. "ನಂಗೆ ನಗು ಬರ್ಲಿಲ್ಲ ಶಮಾ. ನಮ್ಮಪ್ಪ ಹೀಗೇ ಶುರು ಮಾಡಿದ್ದು. ಬೇಗ ತೋರ್ಸು. ಅವ್ರು ದಿನಾ ಹದಿನೆಂಟು ಮೈಲಿ ಡ್ರೈವ್ ಮಾಡ್ತಾರೆ."

"ಏರ್‌ಪೋರ್ಟಲ್ಲಿ ಅಷ್ಟು ಹಿಂಸೆ ಕೊಟ್ರೆ ಯಾರ್ ತಲೆ ಸರಿಯಾಗಿರತ್ತೆ? ನಿಮ್ಗೆ ಗೊತ್ತಾಗಲ್ಲ ಬಿಡಿ ಅಕ್ಕ. ನಿಮ್ ಹೆಸರು ಬೇರೆ."

ಆ ಮಾತು ಬಾಯಿಂದ ಬಂದ ಮೇಲೆ ವಿಜಯಕ್ಕನ ಮುಖ ಸಣ್ಣದಾಯಿತು. ಎದ್ದು ಹೊರಟರು. ನಾನು ಬಾಗಿಲವರೆಗೂ ಹೋಗಲಿಲ್ಲ. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಫೈಲಿನ ಆ ಪುಟಗಳನ್ನು ಕಿತ್ತು, ರಿಯಾಜ್ ಅವರ ಅಕ್ಷರದ ಹಾಗೇ ದುಂಡಗೆ ಬರೆಯುತ್ತ ಎಲ್ಲ ದಿನಗಳನ್ನೂ ಸರಿಮಾಡಿದೆ. ಎರಡು ಮಧ್ಯಾಹ್ನ ಬೇಕಾಯಿತು. ಟಿಕೆಟ್ಟುಗಳ ನಡುವೆ ಒಂದು ಹಳದಿ ಚೀಟಿ ಸಿಕ್ಕಿತು. ಕಾರ್ಖಾನೆಯದು ಎಂದು ಅಲ್ಲೇ ಬಿಟ್ಟೆ. ಕಿತ್ತ ಪುಟಗಳನ್ನು ಹರಿದು ಕಸಕ್ಕೆ ಹಾಕಿ, ಫೈಲನ್ನು ವಿಜಯಕ್ಕನಿಗೆ ಅಂಚೆಯಲ್ಲಿ ಕಳಿಸಿದೆ. ಮುಂದೆ ಆರು ಕುಟುಂಬಗಳು ಅದನ್ನು ನೋಡಿಕೊಂಡು ಪ್ರಾಗ್ ಸುತ್ತಿದವು. ರಿಯಾಜ್ ಭಾಯಿ ಎಷ್ಟು ಅಚ್ಚುಕಟ್ಟು ಎಂದು ಎಲ್ಲರೂ ಹೊಗಳಿದರು.

ಹದಿನಾಲ್ಕು ತಿಂಗಳು ಹಾಗೇ ನಡೆಸಿದೆ. ಅವರು ಮರೆತದ್ದನ್ನು ನಾನು ಮೊದಲೇ ಹೇಳಿಬಿಡುವುದು, ಅವರು ಕೇಳಿದ್ದನ್ನೇ ಮತ್ತೆ ಕೇಳಿದರೆ ಹೊಸದೆಂಬಂತೆ ಉತ್ತರಿಸುವುದು. ಅವರೂ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಮರುವರ್ಷ ಅಕ್ಟೋಬರಿನ ಒಂದು ಸಂಜೆ ಸನಾಳನ್ನು ಸ್ಕೂಲಿನಿಂದ ಕರೆತರುವಾಗ, ರೈಲು ಹಳಿ ದಾಟುವಲ್ಲಿ, ಹಳಿಯ ಮೇಲೆಯೇ ಕಾರು ನಿಲ್ಲಿಸಿ ಯಾವ ಕಡೆ ಹೋಗಬೇಕೆಂದು ಯೋಚಿಸುತ್ತ ಕೂತರಂತೆ. ಗೇಟು ಇಳಿಯತೊಡಗಿ ಗಂಟೆ ಬಾರಿಸುತ್ತಿತ್ತಂತೆ. ಸನಾ ಕಾಲು ಚಾಚಿ ಆಕ್ಸಿಲರೇಟರ್ ತುಳಿದಳು. ಕಾರು ಆಚೆ ಬದಿಯ ಗೇಟನ್ನು ಮುರಿದುಕೊಂಡು ದಾಟಿತು. ಮನೆಗೆ ಬಂದು ಅವಳು ನನ್ನ ಮುಂದೆ ನಿಂತು, ಯಾವತ್ತೂ ಇಲ್ಲದೆ ಕನ್ನಡದಲ್ಲೇ ಕೇಳಿದಳು: "ಅಮ್ಮಿ, ನಿಂಗ್ ಗೊತ್ತಿತ್ತು ಅಲ್ವಾ?"

ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಒಂದೂವರೆ ವರ್ಷ ಮೊದಲು ಬಂದಿದ್ದರೆ ಈ ಮರೆವಿನ ಕಾಯಿಲೆಯನ್ನು ಸ್ವಲ್ಪ ಕಾಲ ಹಿಡಿದು ನಿಲ್ಲಿಸಬಹುದಿತ್ತು ಎಂದರು. ರಿಯಾಜ್ ನನ್ನ ಪಕ್ಕ ಕೂತು ಕೈ ಮೇಲೆ ಕೈ ಇಟ್ಟುಕೊಂಡಿದ್ದರು. ನನಗೆ ಮಾತ್ರ ಗೊತ್ತಿತ್ತು, ಪಾಪ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದೂ ನಾನು ಅವರನ್ನು ಹಾಳುಮಾಡಿದೆ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದೆ.

ಈ ಚಳಿಗಾಲದಲ್ಲಿ ವಿಜಯಕ್ಕ ಮನೆ ಖಾಲಿ ಮಾಡುವಾಗ ನೀಲಿ ಫೈಲನ್ನು ನನಗೇ ಕಳಿಸಿಕೊಟ್ಟರು. ಹಳದಿ ಚೀಟಿ ಅಲ್ಲೇ ಇತ್ತು. ಹೊರತೆಗೆದು ತಿರುಗಿಸಿದರೆ ಹಿಂದೆ ನಾಲ್ಕು ಸಾಲು ಚೆಕ್ ಭಾಷೆಯಲ್ಲಿ, ಮುದುಕರ ಸುರುಳಿ ಕೈಬರಹ. ಮುಂದೆ ತಾರೀಖಿನ ಜಾಗದಲ್ಲಿ ರಿಯಾಜ್ ಅವರ ಅಂಕಿಗಳು: ಮೇ ತಿಂಗಳದು, ನಾವು ಹೊರಡುವುದಕ್ಕೆ ಒಂದು ತಿಂಗಳು ಮೊದಲಿನದು. ಅನುವಾದಿಸಲೆಂದು ಸನಾ ಅದನ್ನು ಫೋನಿಗೆ ತೋರಿಸಿದಳು. ಅದಕ್ಕೆ ಆ ಕೈಬರಹ ಓದಲಾಗಲಿಲ್ಲ. ಬರೆದುಕೊಟ್ಟವನು ಯೋಸೆಫನೇ ಇರಬೇಕು, ಅವನು ತೀರಿಕೊಂಡು ಬಹಳ ಕಾಲವಾಗಿದೆ. ಅದಕ್ಕೇ ಬರ್ವಿನ್‌ಗೆ ಹೋದದ್ದು.

ಬೇಕರಿಯ ಮುದುಕಿ ಕೈಯ ಹಿಟ್ಟು ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತ ಹೋದಳು.

"ನನ್ನ ಹೆಸರು ರಿಯಾಜ್. ನನಗೆ ದಾರಿ ಮರೆತುಹೋಗಿದೆ. ದಯವಿಟ್ಟು ನನ್ನನ್ನು ಹಳೇ ಚೌಕದ ಗಡಿಯಾರದ ಕೆಳಗೆ ಬಿಡಿ, ನನ್ನ ಹೆಂಡತಿ ಅಲ್ಲಿಗೆ ಬರುತ್ತಾಳೆ."

ಅಲ್ಲಿಗೆ ನಿಲ್ಲಿಸಿದಳು. ಇನ್ನೂ ಒಂದು ಸಾಲು ಇದೆಯಲ್ಲ ಎಂದೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

"ಅವಳಿಗೆ ಈ ಚೀಟಿ ತೋರಿಸಬೇಡಿ, ಹೆದರುತ್ತಾಳೆ ಎಂದು ಬರೆದಿದೆ. ಆ ಹೆಂಡತಿ ನೀವೇನಾ?"

ಹೌದು ಎಂದೆ. ಅವಳು ಚೀಟಿಯನ್ನು ಮಡಚಿದಳು. ಆಮೇಲೆ ಏನೋ ಯೋಚಿಸಿ, ಮತ್ತೆ ಬಿಚ್ಚಿ, ನನ್ನ ಕೈಯಲ್ಲಿಟ್ಟಳು.